ಖಾಲಿಯಾಗಲೊಲ್ಲದ ಟಾಕಿ

ನಾಲ್ಕು ಮಂದಿ ಸೇರಿದಲ್ಲಿ ಊಟದ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಹೋಳಿಗೆಯ ಮೇಲೆ ತುಪ್ಪ ಎಷ್ಟು ಬಿತ್ತು, ಎಣ್ಣೆಗಾಯಿ ಬದನೆಗೆ ಗುರೆಳ್ಳು ಪುಡಿ ಹಾಕಿದ್ದರೋ ಇಲ್ಲವೋ, ಬೀಗರ ಮನೆಯ ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಎಂಬ ಚರ್ಚೆ ಮದುವೆಯಾಗಿ ಮಗು ಹುಟ್ಟಿದರೂ ಮುಗಿಯುವುದಿಲ್ಲ. ಆದರೆ ಅದೇ ಹೋಳಿಗೆಯ ಮುಂದಿನ ಪ್ರಯಾಣದ ಮಾತು ಎತ್ತಿ ನೋಡಿ. ಎಲ್ಲರಿಗೂ ಒಮ್ಮೆಲೇ ಕಿಟಕಿಯ ಹೊರಗೆ ನೋಡಬೇಕೆನಿಸುತ್ತದೆ. ನಾನೂ ಹಾಗೆ ಕಿಟಕಿ ನೋಡುತ್ತಿದ್ದ ಸಭ್ಯರ ಪೈಕಿಯೇ. ಬನಹಟ್ಟಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ, ಹಿಂದೆ ನಾಲ್ಕು ಮಗ್ಗಗಳಿವೆ, ಊರಲ್ಲಿ ಸಾಹುಕಾರ ಎಂದು ಕರೆಯುವಷ್ಟು ಮರ್ಯಾದೆಯೂ ಇತ್ತು. ಈಗ ಗಿರಾಕಿಗಳು ಅಂಗಡಿ ಮೆಟ್ಟಿಲು ಹತ್ತುತ್ತಲೇ ಸೀರೆ ತೋರಿಸಿ ಎನ್ನುವ ಮೊದಲು, "ಸಾವಕಾರ್ರ, ಆ ಸಂಡಾಸದ ಟಾಕಿ ಏನಾತ್ರಿ ಕಡೀಕ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಬಾಯಿ ನೋವು ಬಂದಿರುವುದರಿಂದ ಎಲ್ಲವನ್ನೂ ಒಮ್ಮೆ ಬರೆದು ಕೈ ತೊಳೆದುಕೊಳ್ಳುತ್ತೇನೆ. ಕೈ ತೊಳೆದುಕೊಳ್ಳುವುದು ಈ ವಿಷಯದಲ್ಲಿ ಹೇಗಿದ್ದರೂ ಒಳ್ಳೆಯದು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿಯ ತಮ್ಮ ಈರಣ್ಣ. ಅವನ ಊರು ಅನಗವಾಡಿ. ಅಲ್ಲಿ ಅವರ ಹೊಲದ ಮುಕ್ಕಾಲು ಪಾಲು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಬಾವಿಯ ಕಟ್ಟೆ, ಒಂದು ಬದು, ಒಂದು ಬೇವಿನ ಮರದ ಬೊಡ್ಡೆ ತಲೆ ಎತ್ತಿ ನೋಡುತ್ತವೆ. ನೀರು ಏರಿತೆಂದರೆ ಮತ್ತೆ ಮಾಯ. ಬೇರೆಯವರು ಇಂಥದ್ದನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಈರಣ್ಣ ಬೋಟು ತಂದ. "ಹೊಲಾ ನಮ್ಮದು ಮಾಮಾ, ಮ್ಯಾಲಿನ ನೀರಷ್ಟ ಸರಕಾರದ್ದು. ನಮ್ಮ ಹೊಲದಾಗ ನಾವ ಬೋಟ್ ಹೊಡದ್ರ ಯಾರ ಬ್ಯಾಡ ಅಂತಾರ?" ಎಂದ. ಹೊಲವೂ ಈಗ ಸರಕಾರದ್ದೇ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ. ಮೈದುನನ ಹುಮ್ಮಸ್ಸಿಗೆ ಅಡ್ಡ ಬಂದ ಗಂಡನಿಗೆ ರಾತ್ರಿ ಊಟದಲ್ಲಿ ಉಪ್ಪು ಕಡಿಮೆ ಬೀಳುತ್ತದೆ. ಅವನು ಅಲ್ಲಿ ಇಲ್ಲಿ ಓಡಾಡಿ ಪರವಾನಗಿ ತಂದ. ಕರಾವಳಿಯಲ್ಲಿ ಪ್ರವಾಸಿಗರನ್ನು ಹೊತ್ತು ಸವೆದಿದ್ದ ಹಳೆಯ ಬೋಟೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ. ಲಾರಿ ಮುಧೋಳ ದಾಟುವಾಗ ಮಂದಿ ರಸ್ತೆಗೆ ಇಳಿದು ಗಾಬರಿಯಿಂದ ನೋಡಿದರಂತೆ. ನಮ್ಮ ಕಡೆ ಬೋಟು ಬಂತೆಂದರೆ ಮಹಾಪೂರ ಬರುತ್ತದೆ ಎಂದೇ ಅರ್ಥ. ಚಹದ ಅಂಗಡಿಯ ಒಬ್ಬ ಹಿರಿಯರಂತೂ, "ಈ ವರ್ಸ ಹೊಳಿ ಇಷ್ಟ ಜಲ್ದಿ ಬರ್ತೈತೇನೋ ತಮ್ಮಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ದನ ಬಿಚ್ಚಲು ಓಡಿದರಂತೆ.

ಬೋಟು ಚೆನ್ನಾಗಿಯೇ ಇತ್ತು. ಎರಡೂ ಕಡೆ ಬೆಂಚು, ಮೇಲೆ ತಗಡಿನ ಮಾಡು, ಮುಂದೆ ಚಾಲಕನ ಕುರ್ಚಿ. ಪರದೆ, ಬೆಂಚಿನ ಗವಸು ಎಲ್ಲ ನನ್ನ ಅಂಗಡಿಯ ಬಟ್ಟೆ. ಅದು ನನ್ನ ಕಾಣಿಕೆ, ಜತೆಗೆ ಯಾರೂ ಕೇಳದ ಸಲಹೆಗಳೂ ನನ್ನವೇ. ಆದರೆ ಬೋಟಿನ ನಿಜವಾದ ವೈಭವ ಇದ್ದದ್ದು ಹಿಂಭಾಗದಲ್ಲಿ. ಅಲ್ಲೊಂದು ಸಂಡಾಸು. ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ, ಒಂದು ನಳ, ಒಂದು ಕನ್ನಡಿ. ಅದರ ಕೆಳಗೆ, ಬೋಟಿನ ಹೊಟ್ಟೆಯೊಳಗೆ, ದಪ್ಪ ಪ್ಲಾಸ್ಟಿಕ್ಕಿನ ಒಂದು ಟಾಕಿ. ಮೇಲೆ ನಡೆದದ್ದೆಲ್ಲ ಅದರಲ್ಲಿ ಹೋಗಿ ಕೂಡುತ್ತದೆ. ಹೊಳೆಗೆ ಬಿಡುವ ಹಾಗಿಲ್ಲ, ಏಕೆಂದರೆ ಆ ಹೊಳೆಯ ನೀರನ್ನೇ ದಂಡೆಯ ಊರುಗಳೆಲ್ಲ ಕುಡಿಯುವುದು. ಟಾಕಿ ತುಂಬಿದಾಗ ಬೋಟನ್ನು ದಂಡೆಗೆ ಹಚ್ಚಿ, ಬೀಳಗಿಯಿಂದ ಸಕ್ಕಿಂಗ್ ಗಾಡಿ ತರಿಸಿ, ಅದರ ದಪ್ಪ ಪೈಪನ್ನು ಟಾಕಿಯ ಬಾಯಿಗೆ ಜೋಡಿಸಿ ಎಳೆಸಬೇಕು. ಮನೆಯ ಗುಂಡಿಗೆ ಬರುವ ಗಾಡಿಯೇ ಬೋಟಿಗೂ ಬರುತ್ತದೆ. ಕೇಳಲಿಕ್ಕೆ ಎಷ್ಟು ಸರಳ ನೋಡಿ.

ಮೊದಲ ದಿನ ಮನೆಮಂದಿಯೇ ಕುಳಿತು ಒಂದು ಸುತ್ತು ಹೊಡೆದೆವು. ನಮ್ಮವ್ವ ಕೂಡ ಬಂದಿದ್ದಳು. ವಯಸ್ಸಾದರೂ ಒಂದು ಕಡೆ ಕೂರುವ ಜಾತಿಯಲ್ಲ. ನಾವೆಲ್ಲ ನೀರು ನೋಡುತ್ತಾ ಕುಳಿತರೆ ಅವಳು ಹೊಸ ಮನೆಗೆ ಬಂದವಳಂತೆ ಬೋಟನ್ನೆಲ್ಲ ಸುತ್ತಿ, ಬೆಂಚು ಒರೆಸಿ, ಪರದೆ ಸರಿಮಾಡಿ, ಈರಣ್ಣನ ಹಗ್ಗದ ಸಿಂಬೆಯನ್ನು ಬಿಚ್ಚಿ ಮತ್ತೆ ಸುತ್ತಿಟ್ಟಳು. ಅಂದು ನನ್ನ ಹೆಂಡತಿ ಶಾಂತಾ ಬೋಟನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಸಂಡಾಸಿನ ಬಾಗಿಲು ತೆಗೆದು, ಹಾಕಿ, ಚಿಲಕ ಸರಿಸಿ, ಎಳೆದು, ಒಳಗೆ ಹೋಗಿ ಬಂದು, ದೇವಸ್ಥಾನದಿಂದ ಬಂದವರ ಮುಖ ಮಾಡಿಕೊಂಡು ನಿಂತಳು. "ನಮ್ಮ ಓಣಿ ಹೆಣ್ಮಕ್ಕಳನ್ನ ಕರಕೊಂಡ ಬರ್ತೇನ್ರಿ" ಎಂದಳು.

ನಮ್ಮ ಓಣಿಯ ಹೆಂಗಸರ ಬಗ್ಗೆ ಇಲ್ಲಿ ಹೇಳಲೇಬೇಕು. ಮಗ್ಗದ ಸದ್ದಿನಲ್ಲಿ ಎದ್ದು, ಮಗ್ಗದ ಸದ್ದಿನಲ್ಲಿ ಕಂಡಿಕೆಗೆ ನೂಲು ಸುತ್ತಿ, ಮಗ್ಗದ ಸದ್ದಿನಲ್ಲೇ ಜಗಳಾಡಿ ಮಲಗುವ ಜೀವಗಳು. ಅದಕ್ಕೇ ನಮ್ಮೂರಿನ ಹೆಂಗಸರು ಗುಟ್ಟು ಹೇಳಿದರೂ ಎದುರು ಮನೆಗೆ ಕೇಳಿಸುತ್ತದೆ. ಇವರು ಪ್ರವಾಸ ಹೋಗುವುದು ಅಪರೂಪ. ಹೋದರೂ ಹೇಗೆ? ಹಿಂದಿನ ಸಂಜೆಯಿಂದಲೇ ನೀರು ಬಂದ್. ಬೆಳಿಗ್ಗೆ ಚಹ ಅರ್ಧ ಬಟ್ಟಲು, ಅದೂ ಧೈರ್ಯಸ್ಥೆಯರಿಗೆ ಮಾತ್ರ. ದಾರಿಯಲ್ಲಿ ಗಂಡಸರು ಬಸ್ಸು ನಿಲ್ಲಿಸಿದಲ್ಲೆಲ್ಲ ಇಳಿದು, ಸಾಲಾಗಿ ನಿಂತು, ಹಗುರಾಗಿ, ಬೀಡಿ ಹಚ್ಚಿಕೊಂಡು ಬರುತ್ತಾರೆ. ಹೆಂಗಸರು ತುಟಿ ಒಣಗಿಸಿಕೊಂಡು, ಕಿಟಕಿಯ ಸರಳು ಹಿಡಿದು ಕುಳಿತಿರುತ್ತಾರೆ. ದೇವರ ದರ್ಶನ ಆದಾಗ ಅವರು ಕಣ್ಣುಮುಚ್ಚಿ ಬೇಡಿಕೊಳ್ಳುವುದು ಏನೆಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಶಾಂತಾ ಬೋಟಿನ ಸುದ್ದಿ ಹೇಳಿದಾಗ ಅವರು ಹೊಳೆ ಎಷ್ಟು ಆಳ, ಬೋಟು ಮುಳುಗಿದರೆ ಏನು ಗತಿ, ಈರಣ್ಣನಿಗೆ ಬೋಟು ನಡೆಸಲು ಬರುತ್ತದೆಯೋ ಇಲ್ಲವೋ ಎಂದು ಯಾವುದನ್ನೂ ಕೇಳಲಿಲ್ಲ. ಎದುರು ಮನೆಯ ಗೌರವ್ವ ಎಲ್ಲರ ಪರವಾಗಿ ಒಂದೇ ಪ್ರಶ್ನೆ ಕೇಳಿದಳು:

"ಅಲ್ಲಿ ಅದು ಐತೇನ ಶಾಂತಕ್ಕ?"

"ಐತಿ" ಎಂದಳು ಶಾಂತಾ. "ಚಿಲಕಾ ಸೈತ ಐತಿ."

ಅಷ್ಟೇ ಸಾಕಾಯಿತು. ಅಮಾವಾಸ್ಯೆಗೆ ನಮ್ಮ ಓಣಿಯ ಮಗ್ಗಗಳು ಬಂದ್ ಇರುತ್ತವೆ. ಆ ದಿನವೇ ಹೋಗುವುದೆಂದು ನಿಂತಿತು. ಯಾರೂ ಹಿಂದಿನ ದಿನ ನೀರು ಬಿಡಬೇಕಿಲ್ಲ, ಹೊಟ್ಟೆ ತುಂಬ ಕುಡಿದು ಬರಬೇಕು ಎಂದು ಶಾಂತಾ ಓಣಿಯ ಎದುರಿನಲ್ಲಿ ಮಾತು ಕೊಟ್ಟಳು. ಗಂಡಸರು ಯಾರೂ ಬರಕೂಡದು, ಬೋಟು ನಡೆಸಲು ಈರಣ್ಣ ಮಾತ್ರ ಇರಬೇಕು, ಅವನೂ ಮುಂದೆ ನೋಡಿಯೇ ನಡೆಸಬೇಕು, ಹಿಂದೆ ತಿರುಗಕೂಡದು ಎಂಬ ಕರಾರುಗಳೂ ಆದವು.

ಈ ನಡುವೆ ಈರಣ್ಣ ಬೇರೆ ಒಂದೆರಡು ಗುಂಪುಗಳನ್ನು ಸುತ್ತಾಡಿಸಿದ. ಅಮಾವಾಸ್ಯೆ ಇನ್ನೇನು ಹತ್ತಿರ ಬಂತೆನ್ನುವಾಗ ಅವನ ಫೋನು ಬಂತು. "ಮಾಮಾ, ಟಾಕಿ ಮಾತಾಡಾಕತ್ತೈತಿ!"

"ಏನಂತೈತಿ?" ಎಂದೆ.

"ನೀರ ಬಿಟ್ರ ಗುಳುಗುಳು ಅಂತೈತಿ. ಒಮ್ಮೊಮ್ಮಿ ಒಳಗಿಂದು ಹೊರಗ ಉಗಳತೈತಿ. ನಿನ್ನಿ ಒಬ್ಬ ಮಾಸ್ತರ್ರು ಒಳಗ ಹೋಗಿದ್ರು. ಹೋಗೂವಾಗ ಮಾಸ್ತರ್ರ ಹಂಗ ಹೋದ್ರು, ಬರೂವಾಗ ಹಂಗ ಬರಲಿಲ್ಲ."

ಟಾಕಿ ತುಂಬಿದೆ, ಎಳೆಸಿದರೆ ಆಯಿತು ಎಂದು ಸಮಾಧಾನ ಹೇಳಿ ನಾನೂ ಹೊರಟೆ. ನನಗೆ ಅಂಗಡಿಯಲ್ಲಿ ಕೂರುವುದಕ್ಕಿಂತ ಕೆಟ್ಟು ನಿಂತದ್ದನ್ನು ನೋಡುವುದು ಇಷ್ಟ. ಯಾರದೇ ಪಂಪು ಕೆಡಲಿ, ಗಾಡಿ ನಿಲ್ಲಲಿ, ಅಲ್ಲಿ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತು "ಹೂಂ" ಎನ್ನದಿದ್ದರೆ ನನಗೆ ಅನ್ನ ಅರಗುವುದಿಲ್ಲ. ಅನಗವಾಡಿಯ ದಂಡೆ ಮುಟ್ಟಿದಾಗ ಬೀಳಗಿಯ ಸಕ್ಕಿಂಗ್ ಗಾಡಿ ಬಂದು ನಿಂತಿತ್ತು. ಗಾಡಿ ನಡೆಸುವ ದಸ್ತಗೀರ ಪೈಪು ಜೋಡಿಸಿ ಯಂತ್ರ ಶುರು ಮಾಡಿದ. ಪೈಪು ಆನೆಯ ಸೊಂಡಿಲಿನಂತೆ ನಡುಗಿತು, ಒಂದಿಷ್ಟು ಏನೋ ಒಳಗೆ ಹೋದ ಸದ್ದಾಯಿತು, ಆಮೇಲೆ ಪೈಪು ಚಪ್ಪಟೆಯಾಗಿ ಸುಮ್ಮನಾಯಿತು. ಯಂತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದರೆ ಮತ್ತೆ ಒಂದಿಷ್ಟು ಹೋಗಿ ಮತ್ತೆ ಸುಮ್ಮನಾಯಿತು. ದಸ್ತಗೀರ ತಲೆಯ ಟವಲು ತೆಗೆದು ಕೊಡವಿ, ಡಾಕ್ಟರು ಕೇಳುವ ಹಾಗೆ ಕೇಳಿದ:

"ಏನ್ ತಿಂದಿದ್ರಿ ಮಂದಿ?"

"ಏನ್ ತಿಂತಾರಪಾ? ರೊಟ್ಟಿ" ಎಂದ ಈರಣ್ಣ.

"ಜ್ವಾಳದ್ದೋ?"

"ಮತ್ತ?"

"ಆತ ಬಿಡ್ರಿ, ಗೊತ್ತಾತ" ಎಂದು ದಸ್ತಗೀರ ತಲೆ ಆಡಿಸಿದ. "ಇದು ಸಮುದ್ರದ ಕಡಿ ಬೋಟ ಐತಿ. ಮೀನಾ ಅನ್ನಾ ತಿನ್ನೂ ಮಂದೀದು. ಅವ್ರದ್ದ ಎಲ್ಲಾ ತೆಳ್ಳಗ. ನಮ್ಮ ಜ್ವಾಳದ ರೊಟ್ಟಿ, ಹಿಟ್ಟಿನ ಪಲ್ಲೆ, ಮ್ಯಾಲ ಹಿಂಡಿ ಚಟ್ನಿ, ಇದನ್ನೆಲ್ಲಾ ತಡಕೊಳ್ಳೂ ತಾಕತ್ತ ಇದಕ್ಕ ಎಲ್ಲಿ ಬರಬೇಕ್ರಿ? ಗಟ್ಟಿ ಕುಂತೈತಿ."

ಉತ್ತರ ಕರ್ನಾಟಕದ ಆಹಾರದ ಬಗ್ಗೆ ಇಷ್ಟು ಗೌರವದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಈರಣ್ಣನಂತೂ ಒಂದು ಕ್ಷಣ ಹೆಮ್ಮೆಯಿಂದ ಎದೆ ಉಬ್ಬಿಸಿದ. ಗಟ್ಟಿ ಕೂತದ್ದನ್ನು ಕರಗಿಸಬೇಕೆಂದು ಬಿಸಿನೀರಿಗೆ ನೂಲು ತೊಳೆಯುವ ಸೋಡಾ ಕದಡಿ ಕೊಡಗಟ್ಟಲೆ ಸುರಿದೆವು. ಉದ್ದನೆಯ ಬಿದಿರು ಇಳಿಬಿಟ್ಟು ತಿರುವಿದೆವು. ಬಿದಿರು ಸಲೀಸಾಗಿ ಹೋಗಿ ಸಲೀಸಾಗಿ ಬಂತು. ಒಳಗಿದ್ದದ್ದು ಅಂಬಲಿಗಿಂತ ತೆಳ್ಳಗಿತ್ತು. ಗಟ್ಟಿ ಕೂತದ್ದು ನಮ್ಮ ತಲೆಯಲ್ಲಿ ಮಾತ್ರ. ಆ ಸಂಜೆ ಮನೆಗೆ ಬಂದಾಗ ಶಾಂತಾ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಅಂಗಳದ ನಳದ ಕೆಳಗೆ ಕೂರಿಸಿ ಎಮ್ಮೆ ತೊಳೆದ ಹಾಗೆ ತೊಳೆದು ಒಳಗೆ ಬಿಟ್ಟಳು. ಓಣಿಯ ಮಕ್ಕಳೆಲ್ಲ ನಿಂತು ನೋಡಿದವು.

ಮರುದಿನ ನಾನು ಸ್ವಂತ ಬುದ್ಧಿ ಉಪಯೋಗಿಸಿದೆ. ಇದರಿಂದಾದ ಅನಾಹುತ ಮುಂದೆ ಹೇಳುತ್ತೇನೆ, ಮೊದಲು ಬುದ್ಧಿಯ ವಿಷಯ. ನೇಕಾರರಾದ ನಮಗೆ ಜಗತ್ತಿನ ಎಲ್ಲ ಯಂತ್ರವೂ ಮಗ್ಗವೇ. ಮಗ್ಗ ನಿಂತಿತೆಂದರೆ ಮೋಟರು ನೋಡುವುದಿಲ್ಲ, ಮೊದಲು ಎಳೆ ನೋಡುತ್ತೇವೆ. ನಮ್ಮ ಓಣಿಯಲ್ಲಿ ಟೀವಿ ಕೆಟ್ಟರೂ "ಒಳಗ ಎಲ್ಲ್ಯೋ ಎಳಿ ಕಡದಿರಬೇಕ" ಎನ್ನುವವರಿದ್ದಾರೆ. ಎರಡನೆಯದಾಗಿ, ನೂಲಿನಿಂದ ಬಿಗಿದು ಕಟ್ಟಿದರೆ ಸರಿಹೋಗದ ವಸ್ತು ಇಲ್ಲ ಎಂದು ನಾವು ನಂಬಿದ್ದೇವೆ. ಕನ್ನಡಕದ ಕಾಲು, ಕುಕ್ಕರಿನ ಹಿಡಿಕೆ, ಸೈಕಲ್ಲಿನ ಗಂಟೆ, ಅಜ್ಜನ ಕೋಲು ಎಲ್ಲವೂ ನೂಲಿನ ಪಟ್ಟಿ ಕಟ್ಟಿಕೊಂಡೇ ನಮ್ಮ ಮನೆಗಳಲ್ಲಿ ಬಾಳುತ್ತಿವೆ. ನಾನು ಬೋಟಿನ ಹಿಂಭಾಗದಲ್ಲಿ ಬೋರಲು ಮಲಗಿ ಟಾಕಿಯ ಪೈಪಿಗೆ ಕಿವಿ ಕೊಟ್ಟು, ದಸ್ತಗೀರನಿಗೆ ಹೇಳಿ ಗಾಡಿಯ ಯಂತ್ರ ಶುರು ಮಾಡಿಸಿದೆ. ಸಂಡಾಸಿನಿಂದ ಟಾಕಿಗೆ ಇಳಿಯುವ ಪೈಪಿನ ಒಂದು ಜೋಡಣೆಯಲ್ಲಿ "ಸುಂಯ್" ಎಂದು ಗಾಳಿ ಎಳೆಯುವ ಸದ್ದು ಕೇಳಿಸಿತು. ಸಿಕ್ಕಿತು ಕಳ್ಳ! ಗಾಳಿ ಹೀಗೆ ಸೋರಿಹೋದರೆ ಗಾಡಿಗೆ ಎಳೆಯುವ ಬಲ ಎಲ್ಲಿಂದ ಬರಬೇಕು? ಅಂಗಡಿಯಿಂದ ತಂದಿದ್ದ ದಪ್ಪ ನೂಲಿಗೆ ಮೇಣ ಉಜ್ಜಿ, ಸುತ್ತಿನ ಮೇಲೆ ಸುತ್ತು, ಎಳೆಯ ಮೇಲೆ ಎಳೆ, ಕಂಡಿಕೆಗೆ ಸುತ್ತಿದ ಹಾಗೆ ಒತ್ತಾಗಿ ಸುತ್ತಿ ಗಂಟು ಹಾಕಿದೆ. ಎದ್ದು ನಿಂತು ದೂರದಿಂದ ನೋಡಿದೆ. ಅಷ್ಟು ಚೆಂದದ ಕಟ್ಟು ಆ ಪೈಪು ಹುಟ್ಟಿದಾಗಿನಿಂದ ಕಂಡಿರಲಿಕ್ಕಿಲ್ಲ.

"ಶುರು ಮಾಡೋ ದಸ್ತಗೀರಾ" ಎಂದೆ.

ಮಾಡಿದ. ನಿನ್ನೆ ಒಂದಿಷ್ಟಾದರೂ ಹೋಗುತ್ತಿತ್ತು. ಇಂದು ಒಂದು ಹನಿ ಹೋಗಲಿಲ್ಲ. ಪೈಪು ಚಪ್ಪಟೆಯಾಗಿ ಬಡಿದ ರೊಟ್ಟಿಯಂತೆ ಅಂಟಿಕೊಂಡಿತು. ಬೋಟಿನ ಹೊಟ್ಟೆಯೊಳಗಿಂದ "ಧಡ್" ಎಂದು ದೊಡ್ಡ ಸದ್ದು ಬಂದು ಟಾಕಿಯ ಒಂದು ಬದಿ ಒಳಗೆ ಕುಸಿಯಿತು. ಈರಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡ. ದಸ್ತಗೀರ ಯಂತ್ರ ನಿಲ್ಲಿಸಿ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. "ಸಾವಕಾರ್ರ, ನೀವ ಬರೂಕಿಂತ ಮೊದಲ ಸ್ವಲ್ಪ ಛಲೋ ಇತ್ತರಿ" ಎಂದ. ನಾಳೆ ಇನ್ನೊಮ್ಮೆ ನೋಡೋಣ ಎಂದು ಗಾಡಿ ತಿರುಗಿಸಿಕೊಂಡು ಹೋದ.

ಮನೆಯಲ್ಲಿ ಗೌರವ್ವ ಮತ್ತು ಇನ್ನೂ ಕೆಲವರು ಕಟ್ಟೆಯ ಮೇಲೆ ಕಾದಿದ್ದರು. ಯಾರೋ ಆಸ್ಪತ್ರೆಯಲ್ಲಿ ಮಲಗಿದ್ದಾರೇನೋ ಎಂಬ ದನಿಯಲ್ಲಿ ಗೌರವ್ವ ಕೇಳಿದಳು, "ಈಗ ಹ್ಯಾಂಗ ಐತ್ರಿ ಅದು?" ನಾನು ಇದ್ದದ್ದು ಹೇಳಿದೆ. ಯಾರೂ ಸಿಟ್ಟಾಗಲಿಲ್ಲ. ಅದೇ ನನಗೆ ಕಷ್ಟವಾಯಿತು. ಗೌರವ್ವ ಶಾಂತಾಳ ಕೈ ಹಿಡಿದು, "ಹೋಗ್ಲಿ ಬಿಡ ಶಾಂತಕ್ಕ, ನಾವು ನಾಳಿ ಸಂಜೀಗೆ ನೀರ ಬಿಟ್ಟಬಿಡ್ತೇವಿ. ನಮಗೇನ ಹೊಸಾದ? ರೂಢಿ ಐತಿ" ಎಂದಳು.

ಶಾಂತಾಳ ಮುಖ ಕೆಂಪಾಯಿತು. "ನೀರ ಬಿಟ್ಟ ಹೋಗೂದಾದ್ರ ನಾ ಯಾಕ ನಿಮ್ಮನ್ನ ಕರೀಲಿ? ಮನ್ಯಾಗ ಕುಂದ್ರೂನು. ಯಾರೂ ನೀರ ಬಿಡಬ್ಯಾಡ್ರಿ. ಟಾಕಿ ಖಾಲಿ ಆದ್ರ ಹೋಗೂದು, ಇಲ್ಲಂದ್ರ ಇಲ್ಲ" ಎಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಾಳಿ ನಾನ ಬರ್ತೇನಿ" ಎಂದಳು. ಅದು ಬೋಟಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಆ ರಾತ್ರಿ ನನಗೆ ನಾಚಿಕೆಯಾಯಿತು. ಬನಹಟ್ಟಿಯಿಂದ ಎಲ್ಲೆಲ್ಲಿಗೋ ಬಟ್ಟೆ ಕಳಿಸುವ ನನ್ನಿಂದ, ಓಣಿಯ ಹೆಂಗಸರು ಒಂದು ದಿನ ನೆಮ್ಮದಿಯಿಂದ ನೀರು ಕುಡಿಯುವ ಹಾಗೆ ಮಾಡಲಾಗಲಿಲ್ಲವಲ್ಲ ಎಂದು ಬಹಳ ಕೆಡುಕೆನಿಸಿತು.

ಮರುದಿನ, ಅಮಾವಾಸ್ಯೆಯ ಹಿಂದಿನ ದಿನ, ಶಾಂತಾ ಹೊರಟಳು. ಅವಳ ಹಿಂದೆ ಅವ್ವ. "ನೀ ಯಾಕ ಬೇ ಯವ್ವಾ, ಅಲ್ಲಿ ನಾತ ಐತಿ" ಎಂದರೆ, "ನಿನ್ನ ಹೇಲು ಉಚ್ಚಿ ಬಳದಾಕಿ ನಾ. ನನಗ ನಾತದ ಸುದ್ದಿ ಹೇಳ್ತೀಯೇನ?" ಎಂದು ಕಾರಿನಲ್ಲಿ ಕುಳಿತೇ ಬಿಟ್ಟಳು. ನಾನು ಕಾರು ಶುರು ಮಾಡಿದೆ.

ದಸ್ತಗೀರ ಬಂದ, ಪೈಪು ಜೋಡಿಸಿದ, ಯಂತ್ರ ಶುರುವಾಯಿತು. ಗಂಡಸರು ಮೂವರೂ ಕೆಳಗೆ ಟಾಕಿಯನ್ನೇ ನೋಡುತ್ತಿದ್ದೆವು. ಶಾಂತಾ ಮೂಗಿಗೆ ಸೆರಗು ಹಿಡಿದು ಮುಖ ಮೇಲೆತ್ತಿ ನಿಂತಿದ್ದಳು. ನಾತಕ್ಕೆ ಹೆದರಿ ಮುಖ ಮೇಲೆತ್ತಿದ್ದೇ ನಮ್ಮ ಪುಣ್ಯ.

"ಏನ್ರೀ, ಅಲ್ಲಿ ಮ್ಯಾಲೆ ಆ ಸಣ್ಣ ಕೊಳವಿ ಐತಲ್ಲಾ, ಅದರ ಬಾಯಾಗಿನ ಬಟ್ಟಿ ಯಾಕ ಒಳಗ ಜಗ್ಗಾಕತ್ತೈತಿ?"

ನೋಡಿದೆವು. ಸಂಡಾಸಿನ ಗೋಡೆಗೆ ಒರಗಿ ಮಾಡಿನವರೆಗೆ ಏರಿದ ಒಂದು ತೆಳ್ಳನೆಯ ಕೊಳವೆ. ಅದರ ಬಾಯಿಗೆ ಅಚ್ಚುಕಟ್ಟಾಗಿ ಬಟ್ಟೆ ಕಟ್ಟಿತ್ತು. ಯಂತ್ರ ಎಳೆದಾಗ ಬಟ್ಟೆ ಹಲ್ಲಿಲ್ಲದ ಅಜ್ಜನ ಕೆನ್ನೆಯಂತೆ ಒಳಗೆ ಹೋಗುತ್ತಿತ್ತು. ಯಂತ್ರ ನಿಂತಾಗ ಹೊರಗೆ ಬರುತ್ತಿತ್ತು. ಬಟ್ಟೆ ನನಗೆ ಕೂಡಲೇ ಗುರುತು ಸಿಕ್ಕಿತು. ನನ್ನ ಅಂಗಡಿಯದೇ, ಗಂಜಿ ಹೋಗದ ಹೊಸ ಪರದೆ ಬಟ್ಟೆ. ಕಟ್ಟಿದ್ದು ನೂಲಿನಿಂದ. ಗಂಟನ್ನೂ ಗುರುತು ಹಿಡಿದೆ. ನಾವು ಮೂವರೂ ನಿಧಾನವಾಗಿ ತಿರುಗಿ ಅವ್ವನ ಕಡೆ ನೋಡಿದೆವು.

"ನಾನ ಕಟ್ಟೇನಿ" ಎಂದಳು ಅವ್ವ, ಹೊಗಳಿಕೆಗೆ ಕಾಯುವವಳಂತೆ. "ಅವತ್ತ ಬಂದಾಗ ನೋಡ್ತೇನಿ, ಆ ಅಂತ ಬಾಯಿ ತಕ್ಕೊಂಡ ನಿಂತೈತಿ. ಧೂಳ ಬೀಳಂಗಿಲ್ಲೇನ? ನೀವೆಲ್ಲಾ ನೀರ ನೋಡಾಕತ್ತಿದ್ರಿ, ನಾನ ನಿಚ್ಚಣಕಿ ಹಚ್ಚಿ ಕಟ್ಟಿದೆ. ಮಳಿ ಬಂದ್ರ ಅಂತ ಬಟ್ಟಿ ಕೆಳಗ ನೂಲ ಬರೂ ಪ್ಲಾಸ್ಟಿಕ್ ಚೀಲಾನೂ ಹಾಕೇನಿ."

"ಹೊಳಿ ನಡಬರಕ ಧೂಳ ಎಲ್ಲಿಂದ ಬರ್ತೈತಿ ಯವ್ವಾ?" ಎಂದೆ.

"ಧೂಳ ಎಲ್ಲಿ ಬರೂದಿಲ್ಲ?" ಎಂದು ನನ್ನನ್ನೇ ಕೇಳಿದಳು.

ಅವಳ ಪ್ರಶ್ನೆಯೂ ಸರಿಯೇ. ಹತ್ತಿಯ ಎಳೆಯ ಪುಡಿ ಹಗಲು ರಾತ್ರಿ ಹಾರುವ ಊರಿನಲ್ಲಿ ಸಂಸಾರ ಮಾಡಿದವಳು. ಮುಚ್ಚದೆ ಬಿಟ್ಟ ಹಾಲಿನ ಮೇಲೆ ಕೆನೆಗೆ ಮೊದಲು ನೂಲಿನ ಪದರ ಕೂರುವ ಮನೆ ನಮ್ಮದು. ನೀರಿನ ಹಂಡೆ, ಮಜ್ಜಿಗೆಯ ಗಡಿಗೆ, ಉಪ್ಪಿನಕಾಯಿ ಭರಣಿ, ಮಾಡಿನ ಮೇಲಿನ ನೀರಿನ ಟಾಕಿಯ ಪೈಪು, ಬಾಯಿ ಇರುವ ಎಲ್ಲದಕ್ಕೂ ಅವಳು ಬಟ್ಟೆ ಕಟ್ಟಿಯೇ ಕಟ್ಟುತ್ತಾಳೆ. ನಾನು ಮಧ್ಯಾಹ್ನ ಬಾಯಿ ತೆರೆದು ಗೊರಕೆ ಹೊಡೆಯುವಾಗ ಮುಖದ ಮೇಲೆ ಒಂದು ಟವಲು ಬಂದು ಬೀಳುವುದು ಪ್ರೀತಿಯಿಂದ ಎಂದು ತಿಳಿದಿದ್ದೆ. ಬನಹಟ್ಟಿಯ ಯಾವ ಹೆಂಗಸಾದರೂ ಆ ಕೊಳವೆ ಕಂಡಿದ್ದರೆ ಇದನ್ನೇ ಮಾಡುತ್ತಿದ್ದಳು. ಆದರೆ ಟಾಕಿ ಉಸಿರಾಡುವುದೇ ಆ ಕೊಳವೆಯಿಂದ. ಮೇಲಿನಿಂದ ಗಾಳಿ ಒಳಗೆ ಬಂದರೆ ತಾನೇ ಕೆಳಗಿನಿಂದ ಮಾಲು ಹೊರಗೆ ಹೋಗುವುದು? ಗಾಳಿಗೆ ಉಳಿದಿದ್ದ ಒಂದೇ ಒಂದು ಸಂದಿ ಎಂದರೆ ಆ "ಸುಂಯ್" ಎನ್ನುತ್ತಿದ್ದ ಜೋಡಣೆ. ಅದನ್ನು ಮೇಣ ಉಜ್ಜಿದ ನೂಲಿನಿಂದ ಮುಚ್ಚಿದ ಪುಣ್ಯಾತ್ಮ ಯಾರೆಂದು ನಿಮಗೆ ಗೊತ್ತೇ ಇದೆ. ಅವ್ವ ಬಗ್ಗಿ ಆ ಕಟ್ಟನ್ನು ನೋಡಿ, "ಇದನ್ನ ಯಾರ ಕಟ್ಯಾರ? ಛಂದ ಕಟ್ಯಾರ" ಎಂದಳು.

ಶಾಂತಾ ಸೆರಗು ತೆಗೆದೇ ಹೇಳಿದಳು, "ತಾಯಿ ಬಾಯಿ ಕಟ್ಟಿದ್ರು, ಮಗಾ ಮೂಗ ಮುಚ್ಚಿದ್ರು. ಪಾಪ, ಅದರ ಹೊಟ್ಟಿ ಹ್ಯಾಂಗ ಕಳೀಬೇಕು?"

ಇನ್ನು ಬಟ್ಟೆ ಬಿಚ್ಚುವ ಕೆಲಸ. ಈರಣ್ಣ ನಿಚ್ಚಣಿಕೆ ಹತ್ತಿ ಎಳೆದಾಡಿದ. ನೇಕಾರರ ಗಂಟು ಎಳೆದಷ್ಟೂ ಬಿಗಿಯುತ್ತದೆ. ಚಾಕು ತೆಗೆದರೆ ಅವ್ವ ಕೆಳಗಿನಿಂದ, "ಹೊಸಾ ಬಟ್ಟಿ ಹರದಗಿರದಿಯೋ ಈರ್ಯಾ!" ಎಂದು ಕೂಗಿದಳು. ಹಲ್ಲಿನಿಂದ ಬಿಚ್ಚಬಹುದು ಎಂಬ ಸಲಹೆ ಬಂತು. ಯಾರ ಹಲ್ಲು ಎಂದಾಗ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಅವ್ವನೇ ನಿಚ್ಚಣಿಕೆಯ ಮೂರು ಮೆಟ್ಟಿಲು ಹತ್ತಿ, ಕೆಳಗಿನಿಂದ ನಾವು ಹಿಡಿದುಕೊಂಡಂತೆಯೇ, ಉಗುರಿನಲ್ಲಿ ಏನೋ ಮಾಡಿದಳು. ಗಂಟು ತಾನಾಗಿ ಸಡಿಲಿ ಬಟ್ಟೆ ಅವಳ ಕೈಗೆ ಬಂತು. ಟಾಕಿ ಎಷ್ಟೋ ದಿನದಿಂದ ತಡೆದಿದ್ದ ಉಸಿರನ್ನು "ಹುಶ್ಶ್" ಎಂದು ಎಳೆದುಕೊಂಡಿತು. ಕುಸಿದ ಬದಿ "ಧಡ್" ಎಂದು ನೆಟ್ಟಗಾಯಿತು. ಗಾಡಿಯ ಪೈಪು ಜೀವ ಬಂದು ಕುಣಿಯತೊಡಗಿತು. ನಾವು ದಂಡೆಯ ಮೇಲೆ ದೂರ ಹೋಗಿ ನಿಂತು ಆ ಸದ್ದನ್ನು ಶಹನಾಯಿ ಕೇಳಿದ ಹಾಗೆ ಕೇಳಿದೆವು. ಟಾಕಿ ಪೂರ್ತಿ ಬರಿದಾದ ಮೇಲೆ ದಸ್ತಗೀರ ಪೈಪು ಸುತ್ತುತ್ತಾ ಗಂಭೀರವಾಗಿ, "ರೊಟ್ಟೀದೇನ ತಪ್ಪ ಇಲ್ಲ ಬಿಡ್ರಿ" ಎಂದು ತೀರ್ಪು ಕೊಟ್ಟ. ಅವ್ವ ಆ ಬಟ್ಟೆಯನ್ನು ಮಡಚಿ, ಒಗೆದರೆ ಬರುತ್ತದೆ ಎಂದು, ನನ್ನ ಕೈಗೇ ಕೊಟ್ಟಳು.

ಅಮಾವಾಸ್ಯೆಯ ಬೆಳಿಗ್ಗೆ ಓಣಿಗೆ ಓಣಿಯೇ ಹೊರಟಿತು. ಎರಡು ಟೆಂಪೋ ತುಂಬ ಹೆಂಗಸರು, ಅವರ ಮಧ್ಯೆ ರೊಟ್ಟಿಯ ಬುಟ್ಟಿಗಳು, ಮಡಕಿ ಕಾಳಿನ ಪಲ್ಯ, ಚಹದ ದೊಡ್ಡ ಕಿಟ್ಲಿ. ನಾನು ಸಾಮಾನು ಹೊರಲಿಕ್ಕೆ ದಂಡೆಯವರೆಗೆ ಮಾತ್ರ. ಬೋಟು ಬಿಡುವ ಮೊದಲೇ ಶಾಂತಾ ದೊಡ್ಡ ತಂಬಿಗೆ ಹಿಡಿದು ಒಬ್ಬೊಬ್ಬರ ಮುಂದೆ ನಿಂತು, "ಕುಡೀರಿ, ಹೆದರಬ್ಯಾಡ್ರಿ" ಎನ್ನುತ್ತಿದ್ದಳು. ಗೌರವ್ವ ತಂಬಿಗೆ ಎತ್ತಿ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ಇನ್ನೊಮ್ಮೆ ಕುಡಿದಳು. ಪ್ರವಾಸದಲ್ಲಿ ಅವಳು ಹೀಗೆ ನೀರು ಕುಡಿದದ್ದನ್ನು ನಾನು ಕಂಡಿದ್ದು ಅದೇ ಮೊದಲು. ಬೋಟು ಹೊರಟಿತು. ಈರಣ್ಣ ಕುತ್ತಿಗೆಗೆ ಪಟ್ಟಿ ಕಟ್ಟಿದವನಂತೆ ಮುಂದೆಯೇ ನೋಡುತ್ತಿದ್ದ. ಹಿಂದೆ ಹಾಡು, ನಗು, ಯಾರೋ ಯಾರನ್ನೋ ಬೈಯುವುದು, ಮತ್ತೆ ನಗು. ಮಗ್ಗದ ಸದ್ದಿಲ್ಲದಿದ್ದರೂ ಅವರು ಎಂದಿನ ದನಿಯಲ್ಲೇ ಮಾತಾಡುತ್ತಿದ್ದುದರಿಂದ ಎಲ್ಲವೂ ದಂಡೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸಂಡಾಸಿನ ಮುಂದೆ ಪಾಳಿ ಹಚ್ಚಿ ನಿಂತದ್ದೂ ಕಾಣುತ್ತಿತ್ತು. ಕೆಲವರು ಹೋಗಿ ಬಂದು ಮತ್ತೆ ಪಾಳಿಗೆ ನಿಲ್ಲುತ್ತಿದ್ದರು. ಇದೆ ಎನ್ನುವ ಖುಷಿಗೇ ಹೋಗುತ್ತಿದ್ದರೆಂದು ಕಾಣುತ್ತದೆ.

ನಾನು ದಂಡೆಯಲ್ಲಿ ಗೆದ್ದ ಸೇನಾಪತಿಯಂತೆ ಕುಳಿತೆ. ಕಿಟ್ಲಿಯಿಂದ ನನಗೆಂದು ಬಸಿದಿಟ್ಟ ಚಹ ಕುಡಿದೆ, ಮತ್ತೊಂದು ಕುಡಿದೆ, ದಾರಿಯಲ್ಲಿ ತಂದ ಕಬ್ಬಿನ ಹಾಲನ್ನೂ ಮುಗಿಸಿದೆ. ಸ್ವಲ್ಪ ಹೊತ್ತಿಗೆ ಅದು ತನ್ನ ಕೆಲಸ ಶುರು ಮಾಡಿತು. ಎದ್ದು ಸುತ್ತಲೂ ನೋಡಿದೆ. ನೀರು ಇಳಿದ ಕಾಲ, ಕಣ್ಣಿಗೆ ಕಾಣುವಷ್ಟು ದೂರ ಬಿರಿದ ಕರಿಮಣ್ಣಿನ ಬಯಲು. ಈರಣ್ಣನ ಹೊಲದ ಬಾವಿಕಟ್ಟೆ, ಬೇವಿನ ಬೊಡ್ಡೆ ಇನ್ನೂ ನೀರಿನಲ್ಲೇ ಇದ್ದವು. ಈ ದಂಡೆಯಲ್ಲಿ ಗಿಡವಿಲ್ಲ, ಬದುವಿಲ್ಲ, ಒಂದು ಮೊಳ ಎತ್ತರದ ಕಲ್ಲೂ ಇಲ್ಲ. ಟೆಂಪೋಗಳು ಊಟಕ್ಕೆಂದು ಊರೊಳಗೆ ಹೋಗಿದ್ದವು. ಎಡಕ್ಕೆ ನಡೆದೆ, ಬೋಟು ಎಡಕ್ಕೆ ಬಂತು. ಬಲಕ್ಕೆ ನಡೆದೆ, ಬೋಟು ತಿರುಗಿ ಬಲಕ್ಕೆ ಬಂತು. ಅದರ ಮೇಲಿದ್ದವರೆಲ್ಲ ನನಗೆ ಪ್ರೀತಿಯಿಂದ ಕೈಬೀಸಿದರು. ನಾನೂ ಕಾಲು ಜೋಡಿಸಿ ನಿಂತು ಕೈಬೀಸಿದೆ. ಕೊನೆಗೆ ತಡೆಯಲಾರದೆ ಶಾಂತಾಳಿಗೆ ಫೋನು ಮಾಡಿ, "ಬೋಟ ಸ್ವಲ್ಪ ಆ ಕಡಿ ದೂರ ಒಯ್ಯಾಕ ಹೇಳ" ಎಂದೆ.

"ಯಾಕ್ರಿ?"

"ಹಂಗ ಸುಮ್ನ."

ಶಾಂತಾ ಅತ್ತ ತಿರುಗಿ ಯಾರಿಗೋ ಏನೋ ಹೇಳಿದಳು. ಆಮೇಲೆ ಫೋನಿನಲ್ಲೂ ಹೊಳೆಯ ಮೇಲೂ ಒಟ್ಟಿಗೆ ನಗು ಎದ್ದಿತು. ಬೋಟು ದೂರ ಹೋಗಲಿಲ್ಲ, ನೇರವಾಗಿ ನನ್ನ ಕಡೆಗೇ ಬಂತು. ಹಲಗೆ ಇಳಿಸಿದರು. "ಬರ್ರಿ ಸಾವಕಾರ್ರ, ನಾಚಬ್ಯಾಡ್ರಿ, ಚಿಲಕಾ ಐತಿ" ಎಂದಳು ಗೌರವ್ವ. ಹೆಂಗಸರೆಲ್ಲ ಎರಡು ಸಾಲಾಗಿ ಸರಿದು ನಡುವೆ ದಾರಿ ಬಿಟ್ಟರು. ಮದುಮಗನಾಗಿ ಚಪ್ಪರದೊಳಗೆ ಹೋದಾಗಲೂ ಅಷ್ಟು ಕಣ್ಣುಗಳು ನನ್ನ ಮೇಲಿರಲಿಲ್ಲ. ಪಾಳಿಯಲ್ಲಿ ನಿಂತಿದ್ದವರು ಧಾರಾಳವಾಗಿ ತಮ್ಮ ಸರದಿ ಬಿಟ್ಟುಕೊಟ್ಟರು. ಒಳಗೆ ಹೋಗಿ ಚಿಲಕ ಹಾಕಿದೆ. ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಬೋಟು ಒಮ್ಮೆಲೇ ಗಪ್ಪಾಯಿತು. ಎಲ್ಲರೂ ಕಿವಿಗೊಟ್ಟಿದ್ದಾರೆಂದು ತಿಳಿದಾಗ ಆಗಬೇಕಾದ್ದು ಎಷ್ಟು ತಡವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಹೊರಗೆ ಬಂದಾಗ ಶಾಂತಾ ತಂಬಿಗೆ ಹಿಡಿದು ನಿಂತಿದ್ದಳು. "ಬಿಸಲಾಗ ಕುಂತೀರಿ, ನೀರ ಕುಡೀರಿ" ಎಂದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ಕಳಕಳಿಯೇ ಇತ್ತು. ಗಂಟಲು ಒಣಗಿತ್ತು, ತಂಬಿಗೆಯ ನೀರು ತಣ್ಣಗಿತ್ತು. ನಾನು ದಂಡೆಯ ಬೋಳು ಬಯಲನ್ನೊಮ್ಮೆ ನೋಡಿದೆ. ಬೋಟು ನನ್ನನ್ನು ಇಳಿಸಿ ಮತ್ತೆ ಹೊರಡಲಿತ್ತು, ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ತುಟಿ ಮಾತ್ರ ತೋಯಿಸಿಕೊಂಡು ತಂಬಿಗೆಯನ್ನು ಅವಳ ಕೈಗೆ ಹಿಂತಿರುಗಿಸಿದೆ.